ಗುಲಿ ನೋಡ್ಕೊಂಡು ನಡಿ

ಚಿಂಗ್‌ದಾವ್,
ಜುಲೈ ಒಂಬತ್ತು

ನನ್ನ ಮೇಲೆ ಮುನಿದಿರುವ ಅಮ್ಮನಿಗೆ,

ಫೋನು ಮಾಡಿದರೆ “ಹೂಂ” ಎಂದು ತಮ್ಮ ಚಂಗ್‌ಹಾಯ್‌ನ ಕೈಗೆ ಕೊಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಚಂಗ್‌ಹಾಯ್ ಓದಿ ಹೇಳುವುದು ಬೇಡ, ಕನ್ನಡಕ ಹಾಕಿಕೊಂಡು ನೀನೇ ಓದು.

ಹೋದ ವಾರ ಜರ್ಮನಿಯ ಅತಿಥಿಗಳಿಗೆ ಹಳೆಯ ಊರು ತೋರಿಸಲು ಹೊರಟಾಗ ನೀನೂ ಬರುತ್ತೇನೆಂದೆ. ಬೇಡವೆನ್ನಲು ನಾಲಿಗೆ ಬರಲಿಲ್ಲ. ಕೊಲ್ಲಿಯ ಬಾಯಿ, ಅದರ ಎರಡೂ ದಂಡೆ, ಪೂರ್ವಕ್ಕೆ ಲಾವ್‌ಷಾನ್ ಬೆಟ್ಟ: ಅವರ ಹಿರಿಯರು ಗುತ್ತಿಗೆ ಹಿಡಿದು ಆಳಿದ ನೆಲ ಇಷ್ಟು ಎಂದು ಕೈಬೀಸಿ ತೋರಿಸುತ್ತಿದ್ದೆ. ತೊಂಬತ್ತೊಂಬತ್ತು ವರ್ಷಕ್ಕೆ ಬರೆಸಿಕೊಂಡವರು ಹದಿನಾರಕ್ಕೇ ಜಪಾನಿಯರಿಗೆ ಸೋತರು ಎಂದಾಗ ಅವರೂ ನಕ್ಕರು. ನೀನು ಹಿಂದಿನಿಂದ, “ನಮ್ಮಜ್ಜನ ಹಳ್ಳಿ ಕೆಡವಿ ಬಂಗಲೆ ಕಟ್ಟಿದ್ದನ್ನೂ ಹೇಳೇ. ಚರಂಡಿ ತೋಡೋಕೆ ಅಜ್ಜ ಬೇಕಾಗಿತ್ತು, ಆ ಬೀದೀಲಿ ಇರೋಕೆ ಬೇಡವಾದ” ಎಂದೆ. ನಾನು ಅದನ್ನು ಅನುವಾದಿಸಲಿಲ್ಲ.

ಮಳೆ ಶುರುವಾಯಿತು. ಡೀಟ್ಸೆಲ್ ಎಂಬ ಆ ಎತ್ತರದ ಅತಿಥಿ ಮೇಲೆ ನೋಡುತ್ತ ನಡೆಯುತ್ತಿದ್ದ. ನೀನು ಅವನ ತೋಳು ಹಿಡಿದೆಳೆದು, “ಗುಲಿ! ಗುಲಿ ನೋಡ್ಕೊಂಡು ನಡಿಯಪ್ಪಾ, ಆಕಾಶದಲ್ಲೇನಿದೆ!” ಎಂದು ಕೂಗಿದೆ. ಅವನ ಕಾಲ ಮುಂದೆಯೇ ಚರಂಡಿಯ ಮುಚ್ಚಳ ಸರಿದಿತ್ತು.

ಚರಂಡಿಯ ಬಾಯಿಗೆ ನಾವನ್ನುವ ಗುಲಿ ಜರ್ಮನರಿಂದಲೇ ನಮಗೆ ಬಂದ ಮಾತು ಎಂದು ಪ್ರತಿ ಸಲ ಅತಿಥಿಗಳಿಗೆ ಹೇಳಿ ಶಭಾಷ್ ಅನ್ನಿಸಿಕೊಳ್ಳುವವಳು ನಾನೇ. ಅದೇ ಮಾತು ನಿನ್ನ ಬಾಯಲ್ಲಿ, ನಮ್ಮೂರವರೆಲ್ಲ ಒಯ್ಯುವಂತೆ ಬಿಯರ್ ತುಂಬಿದ ಪ್ಲಾಸ್ಟಿಕ್ ಚೀಲ ಕೈಯಲ್ಲಿ ತೂಗಾಡುತ್ತಿರುವಾಗ ಬಂದರೆ ನಾನೇಕೆ ಕುಗ್ಗಿಹೋದೆ? “ಮೆಲ್ಲಗಮ್ಮ, ಸಂತೇಲಿದ್ದೀಯಾ?” ಎಂದು ಗದರಿದೆ. ಅವನು ನಿನಗೆ ಬಾಗಿ, ತಾನು ಕಲಿತ ನಮ್ಮ ಭಾಷೆಯಲ್ಲಿ ಏನೋ ಹೇಳಿದ. ನೀನು ನಕ್ಕೆ. ಆಮೇಲೆ ಮನೆಯವರೆಗೆ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದೆ.

ಮರುದಿನ ಬೆಳಿಗ್ಗೆ ನೀನು ಬಟ್ಟೆಯ ಚೀಲ ಹಿಡಿದು ತಮ್ಮನ ಮನೆಗೆ ಹೊರಟವಳು ಹೊಸ್ತಿಲಲ್ಲಿ, “ನೆರೆಮನೆಯವಳು ಎಷ್ಟು ದಿನ ಅಂತ ಇರ್ತಾಳಮ್ಮ?” ಎಂದು ಕೇಳಿದೆ. ಅಮ್ಮ ಹಾಗೇಕೆ ಅಂದಳು ಎಂದು ತಮ್ಮ ಕೇಳಿದಾಗ, ವಯಸ್ಸಾಯಿತು, ಏನೋ ಅಂದಳು ಎಂದುಬಿಟ್ಟೆ.

ಬಾಮ್ಮ. ಭಾನುವಾರ ಇನ್ನೊಂದು ಗುಂಪು ಬರುತ್ತದೆ. ಅಜ್ಜನ ಹಳ್ಳಿಯ ಕಥೆ ನೀನೇ ಹೇಳು, ಒಂದಕ್ಷರ ಬಿಡದೆ ಅನುವಾದಿಸುತ್ತೇನೆ. ಬರದಿದ್ದರೂ ಒಮ್ಮೆ ಬೈದಾದರೂ ಬಿಡು. ಆ “ಹೂಂ” ತಡೆಯಲಾಗುತ್ತಿಲ್ಲ.

ನಿನ್ನ ಮಗಳು,
ಹಾಯ್‌ಯಾನ್

ತಾ.ಕ.: ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ನೀನು ತೋಳು ಹಿಡಿದೆಳೆದಾಗ, ಈ ಹಿರಿಯರು ಯಾರು ಎಂದು ಡೀಟ್ಸೆಲ್ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದ. ನೆರೆಮನೆಯವರು ಎಂದೆ. ನಿನಗೆ ತಿಳಿಯುವ ಭಾಷೆಯಲ್ಲವಲ್ಲ ಎಂಬ ಧೈರ್ಯ. “ನೆರೆಮನೆ ಅಜ್ಜಿ, ನನ್ನ ಕಾಲು ಉಳಿಸಿದಿರಿ” ಎಂದು ಅವನು ಅಷ್ಟು ಸ್ಪಷ್ಟವಾಗಿ ನಿನಗೆ ಹೇಳುತ್ತಾನೆಂದು ಎಣಿಸಿರಲಿಲ್ಲ. ಮೇಲೆ ‘ನಿನ್ನ ಮಗಳು’ ಎಂದು ಬರೆಯುವಾಗ ಪೆನ್ನು ನಿಂತಿತು. ಬೇಡವೆನಿಸಿದರೆ ಅದನ್ನು ಹೊಡೆದುಹಾಕಿ ಕಾಗದ ಹಿಂದಕ್ಕೆ ಕಳಿಸು.