ಬಿಗಿಯಾಗದ ಬೋಲ್ಟಿನ ಮೇಲೆ ಬಿಳಿ ಗೆರೆ

ಶೆಡ್ಡಿನಿಂದ,
ಭಾನುವಾರ, ಮಧ್ಯಾಹ್ನ

ನನ್ನ ಬಜಾರಿ ಮಗಳಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಬಂತು. ಎಡಗೈಯಲ್ಲಿ ಬರೆದದ್ದೆಂದು ನೋಡಿದ ಕೂಡಲೇ ಗೊತ್ತಾಯಿತು. ಆದರೂ ನಿನ್ನ ಬಲಗೈ ಅಕ್ಷರಕ್ಕಿಂತ ವಾಸಿ. ಕೈ ಮುರಿದುಕೊಂಡು ದೊಡ್ಡಮ್ಮನ ಮನೆಯಲ್ಲಿ ಮಲಗಿರುವವಳಿಗೆ ಬೈಯಬೇಡಿ ಎಂದು ನಿನ್ನಮ್ಮ ತಾಕೀತು ಮಾಡಿದ್ದಾಳೆ. ಪ್ರಯತ್ನ ಪಡುತ್ತೇನೆ, ಮಾತು ಕೊಡಲಾರೆ. ಫೋನಿನಲ್ಲಾದರೆ ನನ್ನ ಗಂಟಲು ನನ್ನ ಮಾತನ್ನೇ ಕೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೇಗೂ ಒಂದು ವರ್ಷ ಒಂದೇ ಶೆಡ್ಡಿನಲ್ಲಿ ಬೆನ್ನಿಗೆ ಬೆನ್ನು ಹಾಕಿಕೊಂಡು ಕೆಲಸ ಮಾಡಿದ ಅಪ್ಪ ಮಗಳು ನಾವು. ನಮಗೆ ಮಾತಿಗಿಂತ ಕಾಗದವೇ ಮೇಲು.

ಟ್ರ್ಯಾಕಿನ ತಿರುವಿಗೆ ಅತಿ ವೇಗದಲ್ಲಿ ನುಗ್ಗಿದೆ, ತಪ್ಪು ನನ್ನದೇ, ಅಪ್ಪ ಹೇಳಿದ್ದೇ ಸರಿಯಾಯಿತು ಎಂದು ಬರೆದಿದ್ದೀಯ. ಇನ್ನು ಮೇಲೆ ಸ್ಟೇರಿಂಗ್ ಮುಟ್ಟುವುದಿಲ್ಲ ಎಂದಿದ್ದೀಯ. ಅಲ್ಲಿಯವರೆಗೂ ಸರಿ. ಕೊನೆಯಲ್ಲಿ, ಗಾಡಿಯ ಅಡಿಯಲ್ಲಿ ಏನೂ ಬಿಚ್ಚಿ ನೋಡುವುದು ಬೇಡ, ಹಾಗೇ ಗುಜರಿಯವನಿಗೆ ಎತ್ತಿ ಕೊಟ್ಟುಬಿಡಿ ಎಂದು ಬರೆದೆಯಲ್ಲ, ಅಲ್ಲಿ ಸಿಕ್ಕಿಬಿದ್ದೆ ತಾಯಿ. ಮೆಕ್ಯಾನಿಕ್ಕನ ಮಗಳು, ನಡೆಯಲು ಕಲಿಯುವ ಮೊದಲೇ ನನ್ನ ಪೆಟ್ಟಿಗೆಯಿಂದ ಸ್ಪ್ಯಾನರ್ ಕದಿಯುತ್ತಿದ್ದವಳು, ಕೆಟ್ಟ ಗಾಡಿಯನ್ನು ಬಿಚ್ಚಬೇಡ ಎನ್ನುತ್ತಾಳೆಂದರೆ ಅದರ ಅಡಿಯಲ್ಲಿ ಏನೋ ಇದೆ ಎಂದೇ ಅರ್ಥ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಅದು ನಿನ್ನಮ್ಮನ ಕಡೆಯಿಂದ ಬಂದ ಗುಣ.

ಅದಕ್ಕೇ ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿದೆ. ಹೌದು, ಇಳಿದು ನಿಂತು ಗಾಡಿಯ ಅಡಿ ನೋಡುವ ನನ್ನ ಗುಂಡಿಯ ಮೇಲೇ. ಒಂದು ವರ್ಷ ನಿನಗೆ ಬಿಟ್ಟುಕೊಡದ ಆ ಗುಂಡಿ.

ಆ ಕಾರು ನನ್ನ ಗುರುಗಳದ್ದೆಂದು ನಿನಗೆ ಗೊತ್ತು. ಅವರ ಹಿತ್ತಲಿನಲ್ಲಿ ಅದರೊಳಗೆ ಕೋಳಿಗಳು ಮೊಟ್ಟೆಯಿಡುತ್ತಿದ್ದಾಗ ಎಳೆದುಕೊಂಡು ಬಂದೆ. ತುಕ್ಕು ಕೆರೆದೆ, ನೆಲದ ತಗಡು ಬದಲಾಯಿಸಿದೆ, ಹಳೆಯ ಹಿಡಿಗಳಿಗೇ ಹೊಳಪು ಕೊಡಿಸಿದೆ. ನಿನ್ನಮ್ಮ ಹಿಂದಿನ ಸೀಟಿಗೆ ಕೆಂಪು ರೆಕ್ಸಿನ್ ಹೊಲಿದಳು. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗಾಯಿತು ಎಂದು ಬೀಗುತ್ತಾ ನಿನ್ನ ಕೈಗೆ ಬೀಗದ ಕೈ ಕೊಟ್ಟೆ. ನೀನು ಮಾಡಿದ ಮೊದಲ ಕೆಲಸ ಆ ಸೀಟು ಕಿತ್ತು ಹೊರಗಿಟ್ಟದ್ದು. ಭಾರ ಕಡಿಮೆಯಾಗಬೇಕಂತೆ. ಆಮೇಲೆ ದೊಡ್ಡ ಬ್ರೇಕು, ಗಟ್ಟಿ ಸ್ಪ್ರಿಂಗು, ಒಳಗೆಲ್ಲ ಕಬ್ಬಿಣದ ಕೊಳವೆಗಳ ಪಂಜರ. ಯಾರು ಬೇಕಾದರೂ ತಮ್ಮ ಗಾಡಿ ತಂದು ಟ್ರ್ಯಾಕ್ ಮೇಲೆ ಓಡಿಸಬಹುದಾದ ದಿನಗಳಿವೆ, ಅಲ್ಲಿ ಬಹುಮಾನವೂ ಇಲ್ಲ ಸೋಲೂ ಇಲ್ಲ, ಗಾಡಿ ಏನು ಹೇಳುತ್ತದೆಂದು ಕೇಳಿಸಿಕೊಳ್ಳಲು ಅದೊಂದೇ ಜಾಗ ಎಂದೆ ನೀನು. ನಾನು, ಇದು ಕಾರಲ್ಲ ಕೋಳಿಗೂಡು, ಮೊದಲೇ ಹೇಳಿದ್ದರೆ ಆ ಕೋಳಿಗಳನ್ನೇ ಉಳಿಸಿಕೊಳ್ಳುತ್ತಿದ್ದೆ ಎಂದೆ. ಅಂದಿನಿಂದ ಮಾತು ನಿಂತಿತು. ನಿನ್ನಮ್ಮನಂತೂ ತಾನೇ ಹೊಲಿದ ಸೀಟನ್ನು ನಿನಗೆ ಬಿಚ್ಚಿಕೊಟ್ಟು ಆಗಲೇ ನಿನ್ನ ಪಕ್ಷ ಸೇರಿದ್ದಳು. ನನಗೆ ಸೀಟಿಗಿಂತ ಅದು ಹೆಚ್ಚು ಉರಿಯಿತು.

ಸಿಟ್ಟಿಗೆ ನಾನು ಮಾಡಿದ್ದೇನು? ಗುಂಡಿಯ ಮೇಲೆ ಸದಾ ಗಿರಾಕಿಗಳ ಗಾಡಿ ನಿಲ್ಲಿಸಿದೆ. ನೀನು ಮೂಲೆಯಲ್ಲಿ ಜಾಕಿ ಹಚ್ಚಿ, ಸ್ಟ್ಯಾಂಡಿನ ಮೇಲೆ ಗಾಡಿ ಎತ್ತಿಟ್ಟು, ನೆಲದ ಮೇಲೆ ಅಂಗಾತ ಮಲಗಿ ಕೆಲಸ ಮಾಡಿದೆ. ಒಮ್ಮೆಯೂ ಗುಂಡಿ ಕೇಳಲಿಲ್ಲ. ನಾನು ಒಮ್ಮೆಯೂ ಕೊಡಲಿಲ್ಲ. ಹೊಟ್ಟೆ ತುಂಬ ಹಟ ಇರುವ ಮನೆ ನಮ್ಮದು.

ಈಗ ಗುಂಡಿಗೆ ಇಳಿದು ಏನು ನೋಡಿದೆ ಎಂದು ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ನನಗೂ ಗೊತ್ತಾಯಿತೆಂದು ನಿನಗೆ ತಿಳಿಯಲಿ.

ಹಿಂದಿನ ಚಕ್ರಗಳನ್ನು ಹಿಡಿದಿಡುವ ತೋಳಿನ ಒಂದು ಬೋಲ್ಟು ಪೂರ್ತಿ ಕಳಚಿ ಹೋಗಿತ್ತು. ಉಳಿದವುಗಳ ನಟ್ಟುಗಳು ಕೈಯಲ್ಲೇ ತಿರುಗಿದವು. ಪ್ರತಿಯೊಂದರ ಮೇಲೂ ನಿನ್ನಮ್ಮನ ಬಿಳಿ ಗೆರೆ. ಬಿಗಿ ಮಾಡಿದ ನಟ್ಟಾಗಿದ್ದರೆ ಅದರಡಿಯಲ್ಲಿ ವಾಷರು ಕಚ್ಚಿದ ಗುರುತು ಬೀಳಬೇಕು. ಅಲ್ಲಿ ನೀನು ಬಳಿದ ಕಪ್ಪು ಬಣ್ಣಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಅವು ಒಂದು ದಿನವೂ ಬಿಗಿಯಾಗಿದ್ದೇ ಇಲ್ಲ.

ಹೇಗಾಗಿರಬೇಕೆಂದು ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಈ ಶೆಡ್ಡಿನಲ್ಲಿ ನಾನು ಬಿಗಿ ಮಾಡುತ್ತೇನೆ, ನಿನ್ನಮ್ಮ ನಟ್ಟಿನ ಮೇಲೆ ಅಡ್ಡಲಾಗಿ ಬಿಳಿ ಗೆರೆ ಎಳೆಯುತ್ತಾಳೆ. ಗೆರೆ ಇದ್ದರೆ ಕೆಲಸ ಮುಗಿದಿದೆ, ಮತ್ತೆ ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ, ನನ್ನ ಕೈ ಮೇಲೆ ನಂಬಿಕೆ ಇಲ್ಲವಾ ಎಂದು ನಾನೇ ಹಾರಾಡುತ್ತಿದ್ದೆ. ಗುಂಡಿಯ ಮೇಲೆ ಗಾಡಿ ತನ್ನ ಚಕ್ರಗಳ ಮೇಲೆಯೇ ನಿಂತಿರುವುದರಿಂದ ನಾನು ಬೋಲ್ಟು ಹಾಕಿದ ಕೂಡಲೇ ಬಿಗಿ ಮಾಡಿಬಿಡುತ್ತೇನೆ. ಆದ್ದರಿಂದ ಅವಳ ಕಣ್ಣಿಗೆ, ಕೂತಿರುವ ಬೋಲ್ಟೆಂದರೆ ಬಿಗಿಯಾದ ಬೋಲ್ಟೇ. ನಿನ್ನ ಗಾಡಿ ಸ್ಟ್ಯಾಂಡಿನ ಮೇಲೆ, ಚಕ್ರ ಗಾಳಿಯಲ್ಲಿ. ಆಗ ಬಿಗಿ ಮಾಡಿದರೆ ಕೆಳಗಿಳಿಸಿದಾಗ ಒಳಗಿನ ರಬ್ಬರು ಹರಿಯುತ್ತದೆ. ಕೆಳಗಿಳಿಸಿದ ಮೇಲೆ ಬಿಗಿ ಮಾಡೋಣ ಎಂದು ನೀನು ಸಡಿಲವಾಗಿ ಬಿಟ್ಟೆ. ಸರಿಯಾದ ಕೆಲಸವನ್ನೇ ಮಾಡಿದೆ. ಸಂಜೆ ನೀನು ಬಿಡಿಭಾಗ ತರಲು ಹೋದಾಗ ಅವಳು ಬ್ರಷ್ಷು ತೆಗೆದುಕೊಂಡು ಬಂದು, ನಿನಗೊಂದು ಕೆಲಸ ಕಡಿಮೆಯಾಗಲಿ ಎಂದು ಗೆರೆ ಎಳೆದು, ಗಾಡಿಯನ್ನೂ ಇಳಿಸಿಟ್ಟಳು. ಬೆಳಿಗ್ಗೆ ನೆಲದ ಮೇಲೆ ನಿಂತ ಗಾಡಿಯನ್ನೂ ಗೆರೆಯನ್ನೂ ನೋಡಿದ ನೀನು, ಅಮ್ಮನೇ ಇಳಿಸಿ ಬಿಗಿ ಮಾಡಿಟ್ಟಿದ್ದಾಳೆ ಎಂದುಕೊಂಡೆ. ಬೇರೆ ಯಾವ ಶೆಡ್ಡಿನಲ್ಲಾದರೂ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡುತ್ತಿದ್ದರು. ನಮ್ಮಲ್ಲಿ ನೋಡುವುದಿಲ್ಲ. ನೋಡಬಾರದೆಂದು ಕಲಿಸಿದವನು ನಾನು.

ಗಾಡಿ ಮಗ್ಗುಲಾಗಿ ಬಿದ್ದಿತ್ತಂತೆ. ನಿನ್ನನ್ನು ಎತ್ತಿಕೊಂಡು ಹೋಗುವಾಗ ಅದರ ಅಡಿಭಾಗ ನಿನ್ನ ಕಣ್ಣೆದುರಿಗೇ ಇದ್ದಿರಬೇಕು. ಆ ನೋವಿನಲ್ಲೂ ನೀನು ನೋಡಿದ್ದು ಅದನ್ನು, ಯೋಚಿಸಿದ್ದು ನಿನ್ನಮ್ಮನ ಬಗ್ಗೆ. ಜೋರಾಗಿ ಓಡಿಸಿದೆ ಎಂದು, ನಿನ್ನ ಜೊತೆ ಟ್ರ್ಯಾಕಿಗೆ ಬಂದಿದ್ದ ಅವಳಿಗೆ ಆಂಬುಲೆನ್ಸಿನಲ್ಲೇ ಹೇಳಿದೆಯಂತೆ.

ನಿನ್ನ ಸುಳ್ಳನ್ನು ನಾನೂ ಕಾಯಬೇಕೆಂದಿದ್ದೆ. ನಿಜವಾಗಿಯೂ ಅಂದುಕೊಂಡಿದ್ದೆ. ಸೀಟು ಬಿಚ್ಚಿಕೊಟ್ಟೆ, ಮಗಳಿಗೆ ವೇಗದ ಹುಚ್ಚು ಹಿಡಿಸಿದೆ ಎಂದು ಅವಳು ಮೊದಲೇ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಇದನ್ನೂ ಹೇಳಿದರೆ ಆ ಜೀವ ತಡೆದೀತೇ? ಬೋಲ್ಟು ಮುರಿದಿತ್ತು, ಉಕ್ಕು ಕೆಟ್ಟದ್ದು ಎಂದು ಹೇಳಿ ಮುಗಿಸೋಣ ಎಂದುಕೊಂಡೆ.

ಬುಧವಾರ ನಿನ್ನ ಶಾಲೆಯ ಮೇಷ್ಟ್ರ ಗಾಡಿ ಬಂದಿತ್ತು. ಗುಂಡಿಯ ಮೇಲೆ ನಿನ್ನ ಗಾಡಿ ಇದ್ದದ್ದರಿಂದ ಅವರದನ್ನು ನಿನ್ನ ಮೂಲೆಯಲ್ಲೇ ಎತ್ತಿ ನಿಲ್ಲಿಸಿದೆ. ಬೋಲ್ಟುಗಳನ್ನು ಸಡಿಲವಾಗಿ ಕೂರಿಸಿ ಕೈ ತೊಳೆಯಲು ಹೋದೆ. ಬಂದು ನೋಡಿದರೆ ನಿನ್ನಮ್ಮ ಅದರ ಕೆಳಗೆ ಮಲಗಿದ್ದಾಳೆ, ಕೈಯಲ್ಲಿ ಬ್ರಷ್ಷು. ಆಗಲೇ ಒಂದಕ್ಕೆ ಗೆರೆ ಬಿದ್ದಿದೆ. ಮೇಷ್ಟ್ರು ಆ ಗಾಡಿಯಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಓಡಾಡುತ್ತಾರೆ. ನಾನು ಕಿರುಚಿದ ರಭಸಕ್ಕೆ ಎದುರು ಅಂಗಡಿಯವನು ಓಡಿ ಬಂದ. ನಿನ್ನಮ್ಮ ಹೊರಗೆ ಬಂದು, ಏನಾಯಿತು, ಬಣ್ಣ ತಾನೇ ಎಂದಳು.

ಇನ್ನು ಮುಚ್ಚಿಡುವುದು ಆಗದ ಮಾತು. ಅವಳನ್ನು ಕರೆದುಕೊಂಡು ಹೋಗಿ ಗುಂಡಿಗೆ ಇಳಿಸಿ ಟಾರ್ಚು ಹಿಡಿದೆ. ಅವಳ ಕೈಯನ್ನೇ ಹಿಡಿದು ನಟ್ಟು ತಿರುಗಿಸಿ ತೋರಿಸಿದೆ. ಸಣ್ಣ ದನಿಯಲ್ಲಿ ಎಲ್ಲವನ್ನೂ ಹೇಳಿದೆ. ಇಷ್ಟು ವರ್ಷದಲ್ಲಿ ಅಷ್ಟು ಸಣ್ಣ ದನಿಯಲ್ಲಿ ನಾನು ಅವಳ ಹತ್ತಿರ ಮಾತಾಡಿದ್ದು ಅದೇ ಮೊದಲಿರಬೇಕು.

ಅವಳು ಉಳಿದ ನಟ್ಟುಗಳನ್ನೂ ತಾನೇ ಒಂದೊಂದಾಗಿ ತಿರುಗಿಸಿ ನೋಡಿದಳು. ಆಮೇಲೆ ಕೇಳಿದಳು, "ಅವಳಿಗೆ ಗೊತ್ತಾ?"

ಗೊತ್ತು ಎಂದೆ.

"ಅವಳು ನನ್ನನ್ನ ಕಾಪಾಡ್ತಾ ಕೂತ್ರೆ ಅವಳನ್ನ ಯಾರ್ರೀ ಕಾಪಾಡೋದು?" ಎಂದಳು.

ಅಷ್ಟೇ. ಗುಂಡಿಯಲ್ಲಿ ಅಳಲಿಲ್ಲ. ಮೇಲೆ ಬಂದು, ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಮೇಷ್ಟ್ರ ಗಾಡಿಯ ಗೆರೆ ಒರೆಸಿದಳು. ಆಮೇಲೆ ಶೆಡ್ಡಿನಲ್ಲಿ ನಿಂತ ಪ್ರತಿ ಗಾಡಿಯ ಕೆಳಗೂ ಹೋಗಿ ಗೆರೆ ಒರೆಸಿದಳು. ಊಟಕ್ಕೆ ಬಾ ಎಂದರೆ ಬರಲಿಲ್ಲ. ಹೋದ ತಿಂಗಳು ಕೆಲಸ ಮುಗಿಸಿಕೊಂಡು ಹೋದವರಿಗೆಲ್ಲ ಫೋನ್ ಮಾಡಿ, ಗಾಡಿ ಒಮ್ಮೆ ತನ್ನಿ, ನಾನು ನೋಡಬೇಕು ಎಂದಳು. ಯಾಕೆ ಎಂದು ಕೇಳಿದವರಿಗೆ, ನನ್ನ ಕೈಯಿಂದ ತಪ್ಪಾಗಿದೆ, ನನ್ನ ಮಗಳಿಗೆ ಪೆಟ್ಟಾಗಿದೆ ಎಂದು ನೇರವಾಗಿ ಹೇಳಿದಳು. ಪಕ್ಕದಲ್ಲಿ ನಿಂತ ನಾನು ನೆಲ ನೋಡುತ್ತಿದ್ದೆ. ನಾನಾಗಿದ್ದರೆ ಹಾಗೆ ಹೇಳುತ್ತಿರಲಿಲ್ಲ ಕಣೇ. ಏನೋ ಒಂದು ನೆಪ ಹುಡುಕುತ್ತಿದ್ದೆ.

ಗಾಡಿಗಳು ಬಂದವು. ನಾನು ಬಿಗಿ ಮಾಡಿದ್ದರ ಮೇಲೆ ಅವಳೂ ತನ್ನ ಸ್ಪ್ಯಾನರ್ ಹಾಕಿ ಎಳೆದು ನೋಡಿದಳು. ಎಲ್ಲವೂ ಗಟ್ಟಿಯಾಗಿದ್ದವು, ದೇವರ ದಯ. ಈಗ ನಮ್ಮ ಶೆಡ್ಡಿನ ನಿಯಮ ಬದಲಾಗಿದೆ. ಇಬ್ಬರ ಕೈಯೂ ಬೀಳದೆ ಗೆರೆ ಬೀಳುವುದಿಲ್ಲ. ಅವಳು ಎರಡನೇ ಸಲ ಎಳೆದು ನೋಡುವಾಗ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ, ನಿಜ. ಆದರೂ ಬಾಯಿ ಮುಚ್ಚಿಕೊಂಡು ನಿಂತಿರುತ್ತೇನೆ. ಬೇಕಾದರೆ ಬಂದು ನೋಡು.

ವಿಷಯ ತಿಳಿದ ದಿನ ರಾತ್ರಿ ಅವಳು ಅತ್ತಳು. ಯಾಕೆ ಹೇಳಿದೆನೋ ಎಂದು ನನಗೂ ಅನಿಸಿತು. ಆದರೆ ಇವತ್ತು ಬೆಳಿಗ್ಗೆ, ತಾನೇ ದೊಡ್ಡಮ್ಮನ ಮನೆಗೆ ಬಂದು ನಿನ್ನ ಹತ್ತಿರ ಮಾತಾಡಬೇಕು, ಅದಕ್ಕೆ ಮೊದಲು ನೀವು ಕಾಗದ ಬರೆಯಿರಿ ಎಂದಳು. ಶನಿವಾರ ಬರುತ್ತಾಳೆ. ಅವಳ ಮುಂದೆ ಆ ಸುಳ್ಳನ್ನು ಮತ್ತೆ ಹೇಳಬೇಡ. ಅವಳು ಬೈದರೆ ಬೈಸಿಕೋ, ಅತ್ತರೆ ನೀನೂ ಅಳು.

ಇನ್ನು ಗಾಡಿಯ ವಿಷಯ. ಗುಜರಿಯವನು ಬಂದಿದ್ದ. ಬಾಗಿಲಿನಾಚೆಯಿಂದಲೇ ಕಳುಹಿಸಿದೆ. ಎಡಗಡೆಯ ಬಾಗಿಲು ಹೋಯಿತು, ಅದನ್ನು ಉಳಿಸಲಾಗದು. ಸೂರಿನ ತಗಡೂ ಕುಸಿದಿದೆ. ಆದರೆ ನೀನು ಕೂತಿದ್ದ ಜಾಗ ಇದ್ದ ಹಾಗೇ ಇದೆ. ನಾನು ಕೋಳಿಗೂಡು ಎಂದೆನಲ್ಲ, ಆ ಕೊಳವೆಗಳು ಒಂದು ಬೆರಳಿನಷ್ಟೂ ಬಾಗಿಲ್ಲ. ಒಳಗೆ ಕೂತು ಅವನ್ನು ಮುಟ್ಟಿ ನೋಡಿದೆ. ಅವು ಇಲ್ಲದಿದ್ದರೆ, ನನ್ನ ಮಾತು ಕೇಳಿ ನೀನು ಕೆಂಪು ಸೀಟು ಇಟ್ಟುಕೊಂಡು ಹೋಗಿದ್ದರೆ, ಈ ಕಾಗದ ಬರೆಯಲು ನನಗೆ ವಿಳಾಸವೇ ಇರುತ್ತಿರಲಿಲ್ಲ. ಗಾಡಿಯೊಳಗೇ ಅತ್ತೆ ಮಗಳೇ. ನಿನಗೆ ಆ ಪಂಜರ ಬೆಸೆದುಕೊಟ್ಟ ವೆಲ್ಡರನ ಹತ್ತಿರ ಹೋಗಿ ಅವನ ಎರಡೂ ಕೈ ಹಿಡಿದುಕೊಂಡೆ. ಅವನು ಗಾಬರಿಯಾಗಿ, ಅಣ್ಣಾ ಹುಷಾರಾಗಿದ್ದೀರಾ ಎಂದ.

ಗಾಡಿಯನ್ನು ನೇರ ಮಾಡುತ್ತೇನೆ. ನಿನ್ನ ಬ್ರೇಕು, ನಿನ್ನ ಸ್ಪ್ರಿಂಗು, ನಿನ್ನ ಪಂಜರ ಎಲ್ಲ ಹಾಗೇ ಇರುತ್ತವೆ. ನೀನು ಮತ್ತೆ ಓಡಿಸುತ್ತೀಯೋ ಇಲ್ಲವೋ ಅದು ನಿನ್ನಿಷ್ಟ. ಭಯವಾಯಿತು, ಬೇಡ ಎಂದರೆ ಒಂದು ಮಾತೂ ಆಡುವುದಿಲ್ಲ. ಆದರೆ ನನಗೆ ಓಡಿಸಲು ಬರುವುದಿಲ್ಲ, ಅದಕ್ಕೇ ಬಿಡುತ್ತೇನೆ ಎಂಬ ಸುಳ್ಳಿನ ಮೇಲೆ ಬಿಡಬೇಡ. ನೀನು ಹಾಗೆ ಬಿಟ್ಟರೆ ನನಗೆ ಈ ಜನ್ಮದಲ್ಲಿ ನೆಮ್ಮದಿ ಇಲ್ಲ.

ದೊಡ್ಡಮ್ಮನಿಗೆ ಹೆಚ್ಚು ಕಾಟ ಕೊಡಬೇಡ. ಕೈಯ ಪಟ್ಟಿಯೊಳಗೆ ಕೆರೆಯಲು ಸ್ಕ್ರೂಡ್ರೈವರ್ ತೂರಿಸಬೇಡ. ತೂರಿಸುತ್ತೀಯ ಎಂದು ನನಗೆ ಗೊತ್ತು.

ಇತಿ, ನಿನಗೆ ಗುಂಡಿ ಬಿಟ್ಟುಕೊಟ್ಟು ಕಾಯುತ್ತಿರುವ
ನಿನ್ನ ಅಪ್ಪ

ತಾ.ಕ.: ನೀನು ವೇಗವಾಗಿ ಹೋಗಲಿಲ್ಲವೆಂದು ನನಗೆ ಬೋಲ್ಟು ನೋಡಿ ತಿಳಿದದ್ದಲ್ಲ. ಅಂದು ಬಿಡಿಭಾಗದ ಅಂಗಡಿಗೆ ಹೋಗುತ್ತೇನೆ ಎಂದು ಹೇಳಿ ಹೊರಟವನು ಟ್ರ್ಯಾಕಿಗೆ ಬಂದಿದ್ದೆ. ಬೆಳಿಗ್ಗೆಯಿಂದ ಅದೇ ತಿರುವಿನ ಬೇಲಿಯಾಚೆ, ಟೋಪಿ ಕಣ್ಣಿನ ಮೇಲೆ ಎಳೆದುಕೊಂಡು ನಿಂತಿದ್ದೆ. ಪ್ರತಿ ಸುತ್ತಿನಲ್ಲೂ ನೀನು ಒಂದೇ ಜಾಗದಲ್ಲಿ ಬ್ರೇಕು ಹಿಡಿದೆ, ಒಂದೇ ಜಾಗದಲ್ಲಿ ತಿರುಗಿಸಿದೆ. ಕೊನೆಯ ಸುತ್ತಿನಲ್ಲೂ. ಪಕ್ಕದವನು, ಯಾರದಪ್ಪ ಆ ಹಳೇ ಗಾಡಿ, ಏನು ಓಡಿಸ್ತಾರೆ ಎಂದ. ನನ್ನ ಮಗಳದು ಎಂದೆ. ನಿನಗೆ ಹೇಳಬೇಕಾದ್ದನ್ನು ಯಾರೋ ದಾರಿಹೋಕನಿಗೆ ಹೇಳಿದೆ. ಅಷ್ಟರಲ್ಲಿ ಗಾಡಿ ಹೊರಳಿತು. ಕಾವಲಿನವರು ಬೇಲಿ ದಾಟಲು ಬಿಡಲಿಲ್ಲ. ಆಂಬುಲೆನ್ಸಿನ ಹಿಂದೆ ಸ್ಕೂಟರಿನಲ್ಲಿ ಆಸ್ಪತ್ರೆಯವರೆಗೆ ಬಂದೆ. ನಿನ್ನಮ್ಮ ಕೆಳಗಿನ ವರಾಂಡಕ್ಕೆ ಇಳಿದು ಬಂದು ನನಗೇ ಫೋನ್ ಮಾಡಿ, ಕೈ ಮಾತ್ರ ಮುರಿದಿದೆ, ಜೀವಕ್ಕೇನೂ ಇಲ್ಲ ಎಂದಾಗ ನಾನು ಅದೇ ವರಾಂಡದ ಕಂಬದ ಹಿಂದೆ ನಿಂತು ಅಳುತ್ತಿದ್ದೆ. ಎಲ್ಲಿದ್ದೀರಿ ಎಂದು ಕೇಳಿದಳು. ಅಂಗಡಿಯಲ್ಲಿ ಎಂದೆ. ಇದನ್ನು ಅವಳಿಗೆ ಶನಿವಾರ ನೀನೇ ಹೇಳು, ನನಗೆ ಧೈರ್ಯ ಸಾಲದು. ನೀನು ತುಂಬ ಚೆನ್ನಾಗಿ ಓಡಿಸುತ್ತಿದ್ದೆ ಮಗಳೇ.