ಅಮ್ಮನ ಉಸಿರಿನ ಜಾಗ

ಪಪ್ಪಾ,

ನೀವು ತೀರಿಕೊಂಡು ವರ್ಷವಾಯಿತು. ಈ ಪತ್ರವನ್ನು ಎಲ್ಲಿಗೂ ಕಳಿಸುವುದಿಲ್ಲ, ಆದರೂ ವರದಿ ಒಪ್ಪಿಸುತ್ತೇನೆ.

ನಿಮ್ಮ ಕ್ವಾಯರ್ ಗಾಯನ ತಂಡ ಬಿಟ್ಟು ಗಿಟಾರ್ ಹಿಡಿದ ಸಂದೇಶ, ನೀವು ಮುಲುಂಡಿನ ಚರ್ಚಿನಲ್ಲಿ ಹಾಡಿಸುತ್ತಿದ್ದ ಆ ಹಳೆಯ ಲ್ಯಾಟಿನ್ ಮೃತರ ಪ್ರಾರ್ಥನೆಯನ್ನು ರಾಕ್ ಸಂಗೀತಕ್ಕೆ ಒಗ್ಗಿಸಿದ್ದಾನೆ. ಇಷ್ಟು ವರ್ಷದ ಮೇಲೆ ನಮಗೆ ಆ ಕಾರ್ಯಕ್ರಮದ ಪಾಸ್ ಕಳಿಸಿದ್ದ. ನಿಮ್ಮನ್ನು ಗೇಲಿ ಮಾಡಲಿಕ್ಕೇ ಇರಬೇಕೆಂದುಕೊಂಡು ಬೊರಿವಲಿಗೆ ಹೋಗಿ ಕೊನೆಯ ಸಾಲಿನಲ್ಲಿ ಕುಳಿತೆ.

ಡ್ರಮ್ಮಿನ ಅಬ್ಬರದ ನಡುವೆ ಒಂದು ಕಡೆ ತಂಡದವರೆಲ್ಲರೂ ತಟ್ಟನೆ ನಿಲ್ಲಿಸಿ ಉಸಿರೆಳೆದುಕೊಂಡರು. ಕ್ವಾಯರಿನಲ್ಲಿ ಹಾಡುತ್ತಿದ್ದ ಅಮ್ಮನ ಉಬ್ಬಸಕ್ಕಾಗಿ ನೀವು ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಜಾಗ ಅದು. ನಿಮ್ಮ ಸ್ವರಲಿಪಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಆ ಗುರುತಿಲ್ಲ. ಕದ್ದಿದ್ದಾನೆ ಅಂದುಕೊಂಡೆ.

ಮುಗಿದ ಮೇಲೆ ನೇರವಾಗಿ ಕೇಳಿದೆ: "ಪಪ್ಪನ ಪುಸ್ತಕ ನಿನ್ನ ಕೈಗೆ ಹೇಗೆ ಬಂತು?"

"ಪುಸ್ತಕ ಯಾಕಕ್ಕ? ಏಳು ವರ್ಷ ಆಂಟಿ ಪಕ್ಕದಲ್ಲೇ ನಿಂತು ಹಾಡಿದ್ದೇನಲ್ಲ," ಎಂದ. ಆಮೇಲೆ ನನ್ನ ಹಿಂದೆ ಕಣ್ಣಾಡಿಸಿದ. "ಸರ್ ಬರ್ಲಿಲ್ವಾ? ಅವ್ರಿಗೆ ಮುಂದಿನ ಸಾಲಲ್ಲಿ ಸೀಟ್ ಇಡ್ಸಿದ್ದೆ."

"ಮೊಣಕಾಲು ನೋವು," ಎಂದೆ.

ಮನೆಗೆ ಬಂದು ಕಪಾಟು ತೆರೆದೆ. ಪುಸ್ತಕ ಇಟ್ಟಲ್ಲೇ ಇದೆ.

ನೀವು ಹೋದ ದಿನವೂ ಅವನ ನಂಬರು ನನ್ನ ಫೋನಿನಲ್ಲಿತ್ತು, ಪಪ್ಪಾ. ನಾನೇ ತಿಳಿಸಲಿಲ್ಲ.