ತೆರೆಯದೆ ಇಟ್ಟ ಸೋಮವಾರಗಳು

೧೨ ನವೆಂಬರ್ ೨೦೨೪, ಮಂಗಳವಾರ. ಹೊಳಲ್ಕೆರೆ.

ಹೊಸ ಕಂಪ್ಯೂಟರಿಗೆ ಎರಡು ಡಿಸ್ಕು. ಚಿಕ್ಕದು ವೇಗದ್ದು, ದೊಡ್ಡದು ನಿಧಾನದ್ದು. ಎರಡನ್ನೂ ಒಂದು ಮಾಡಲೋ, ಬೇರೆ ಬೇರೆ ಇಡಲೋ ಎಂದು ಅಂಗಡಿಯ ಹನುಮೇಶ್ ಕೇಳಿದ.

“ಸೇರಿಸಿಬಿಡಾಣ ಮೇಡಂ. ದಿನಾ ತೆಗೆಯೋದು ವೇಗದ್ರಾಗೆ ಇರ್ತೈತೆ. ಮುಟ್ಟದೇ ಇರೋದನ್ನ ಕಂಪ್ಯೂಟರೇ ನಿಧಾನದ್ದಕ್ಕೆ ತಳ್ತೈತೆ.”

ರೇಣುಕಾ ನೆನಪಾದಳು. ಚಿಕ್ಕಜಾಜೂರಿನ ತನ್ನ ಮನೆಯಿಂದ ಪ್ರತಿ ಸೋಮವಾರ ಒಂದು ಕವಿತೆ ಓದಿ, ರೆಕಾರ್ಡ್ ಮಾಡಿ ಕಳಿಸುತ್ತಿದ್ದ ಗೆಳತಿ. ತೀರಿಕೊಂಡು ಮೂರು ವರ್ಷವಾಯಿತು. ಅಂದಿನಿಂದ ಒಂದನ್ನೂ ತೆರೆಯಲಾಗಿಲ್ಲ. ತೆರೆಯದ್ದೆಲ್ಲ ಬೇಡವಾದದ್ದು ಎಂದೇ ಯಂತ್ರ ತಿಳಿಯುತ್ತದೆ.

“ಬೇರೆ ಬೇರೆನೇ ಇರಲಿ” ಎಂದೆ.

“ಯಾವುದು ಎಲ್ಲೈತೆ ಅಂತ ಆಮೇಲೆ ನೀವೇ ನೆನಪಿಟ್ಕಬೇಕು ನೋಡ್ರಿ.”

“ಇಟ್ಕಂತೀನಿ ಕಣಪ್ಪ. ನಂಗೆ ಇನ್ನೇನು ಕೆಲಸ ಐತೆ.”

ಅವನು ನಕ್ಕ.

ಸಂಜೆ ಅವಳ ಸೋಮವಾರಗಳನ್ನೆಲ್ಲ ನಾನೇ ವೇಗದ ಡಿಸ್ಕಿಗೆ ಹಾಕಿದೆ. ಕೈಗೆ ಹತ್ತಿರವಿದ್ದರೆ ಸಾಕು ಎಂದುಕೊಂಡಿದ್ದೆ, ಆದರೂ ಕೊನೆಯದನ್ನು ಒತ್ತಿದೆ. ತಕ್ಷಣ ಕೇಳಿಸಿತು, ಅವಳ ಮನೆಯ ಹಿಂದಿನ ರೈಲು. ಅದು ದಾಟುವವರೆಗೆ ರೇಣುಕಾ ಯಾವತ್ತೂ ಓದಲು ಶುರು ಮಾಡುತ್ತಿರಲಿಲ್ಲ. ಗಾಡಿ ಉದ್ದವಿತ್ತು. ಸದ್ದು ಕಡಿಮೆಯಾಗುತ್ತಾ ಬಂತು, ಅವಳು ಉಸಿರೆಳೆದುಕೊಂಡಳು.

ಅಲ್ಲಿಗೇ ನಿಲ್ಲಿಸಿದೆ. ನಾಳೆ, ಆ ಉಸಿರಿನ ಮುಂದೆ ಒಂದು ಸಾಲಾದರೂ ಕೇಳಬೇಕು.